ಕಡ ತಂದ ಅಂಗಿ

ತಾವರಗೇರಿ ದಾಟಿ, ಕೆಂಪು ಮರಡಿಯ ಮಗ್ಗುಲಿಗೆ
ಬಿಳಿ ಪರದೆ ಬಿಗಿದ ಬೀಜದ ಪ್ಲಾಟು.
ಒಳಗೆ ನಾವು ಹದಿನೇಳು ಹೆಂಗಸರು,
ನಿನ್ನೆ ಸಂಜೆ ಗಂಡು ಕಿತ್ತ ಬೆಂಡೆ ಹೂವಿಗೆ
ಬೇರೆ ಸಾಲಿನ ಪುಡಿ ಸವರಿ
ಕೆಂಪು ದಾರ ಕಟ್ಟುವವರು.
ಹೊರಗಿನದೇನೂ ಒಳಗೆ ಬರಬಾರದು
ಅನ್ನುತ್ತಾನೆ ಸೂಪರ್‌ವೈಸರ್ ಅಮರಗುಂಡಪ್ಪ.

ಆದರೂ ಬಂತು.
ಗಾಳಿಗೊಂದು ಮೊಳೆ ಹೊಡೆದು ತೂಗುಹಾಕಿದ ಹಾಗೆ
ನನ್ನ ಮೂಗಿನಿಂದ ಗೇಣು ದೂರಕ್ಕೆ
ನಿಂತೇಬಿಟ್ಟಿತು.
ಹೊಟ್ಟೆಗೆ ಟೋಲ್‌ಗೇಟಿನ ಕೋಲಿನ ಕರಿ-ಹಳದಿ ಪಟ್ಟಿ.
ತಲೆ ಅಂತ ಬೇರೆ ಇಲ್ಲ,
ಎರಡು ಕಣ್ಣೇ ತಲೆ, ಸುಟ್ಟ ಇಟ್ಟಿಗೆಯ ಬಣ್ಣ.

"ಕಣಜ!" ಫಕೀರವ್ವ ಸೆರಗು ಮುಖಕ್ಕೆಳೆದಳು.
ಹೊನ್ನೂರಬಿ ನಕ್ಕಳು:
"ಕುಂತಾಗ ರೆಕ್ಕಿ ಎಣಿಸು. ಎರಡ ಅದಾವು.
ನೊಣ ಐತಿ ಅದು. ಮುಳ್ಳಿಲ್ಲ ಏನಿಲ್ಲ,
ಕಣಜದ ಅಂಗಿ ಕಡ ತಗೊಂಡು ತಿರಗತೈತಿ."

ಅವಳು ಕುಸುಬಿ ಹೊಲದಲ್ಲಿ ಬೆಳೆದವಳು.
ಇದರ ಮರಿ, ಕಾಲಿಲ್ಲದ್ದು, ಕಣ್ಣಿಲ್ಲದ್ದು,
ಎಲೆ ತಡವುತ್ತಾ ಹೋಗಿ ಹೇನೊಂದನ್ನು ಮೇಲೆತ್ತಿ
ಸಿಪ್ಪೆ ಉಳಿಯುವ ತನಕ ಹೀರುವುದನ್ನು ಕಂಡವಳು.
ಆಮೇಲೂ ಕಂಡಳಂತೆ:
ಎಡದಂಡೆ ಕಾಲುವೆಯ ಭತ್ತಕ್ಕೆ ಕಳೆ ಕೀಳುವಾಗ,
ಸೋಲಾಪುರದಾಚೆ ಕಬ್ಬು ಕಡಿಯುವಾಗ,
ರತ್ನಾಗಿರಿಯಲ್ಲಿ ಮಾವು ಆರಿಸುವಾಗ, ಸಮುದ್ರದ ಉಪ್ಪುಗಾಳಿಯಲ್ಲಿ.
"ನಾವು ದುಡಿಯಾಕ ಹೋದಲ್ಲೆಲ್ಲ
ನಮಗಿಂತ ಮೊದಲ ಹೋಗಿರತೈತಿ, ಪುಣ್ಯಾತಗಿತ್ತಿ."

ಅಂಗಿಗೆ ಹೆದರದವರೂ ಇದ್ದಾರೆ.
ಪರದೆಯಾಚೆ ಕರೆಂಟು ತಂತಿಯ ಮೇಲೆ ಕಳ್ಳಿಪೀರ.
ಹಾರಿ ಹಿಡಿದು ತಂದು, ತಂತಿಗೆ ಬಡಿದು ಬಡಿದು
ಇಲ್ಲದ ಮುಳ್ಳನ್ನು ತೆಗೆದು ನುಂಗುತ್ತದೆ.
ರೂಢಿ.
ಕಾಲುವೆ ಬದಿಗಾದರೆ ಏರೋಪ್ಲೇನ್ ಚಿಟ್ಟೆ,
ಬೇಲಿಯಲ್ಲಿ ಓತಿಕ್ಯಾತ.
ಮತ್ತೆ ಆ ಹಳದಿ ಜೇಡ,
ಹುಚ್ಚೆಳ್ಳಿನ ಹೂವಲ್ಲಿ ತಾನೂ ಒಂದು ಎಸಳಾಗಿ ಕೂತಿರುವುದು.
ವೇಷಕ್ಕೆ ವೇಷ ಎದುರಾದಾಗ
ಜಗಳವಿಲ್ಲ, ಸದ್ದಿಲ್ಲ,
ಒಂದು ರೆಕ್ಕೆ ಸ್ವಲ್ಪ ಹೊತ್ತು ನಡುಗುತ್ತದೆ, ಅಷ್ಟೆ.

ಹತ್ತು ಗಂಟೆಗೆ ಅಮರಗುಂಡಪ್ಪ ಬಂದ,
ಕೈಯಲ್ಲಿ ಸೊಳ್ಳೆ ಬ್ಯಾಟು.
"ಒಳಗ ನೊಣ ಬಂದೈತಂತ? ಯಾರು ನೋಡೀರಿ?
ಒಂದು ಕಾಯಿ ಬೆರಕಿ ಆದ್ರ ಲಾಟೇ ವಾಪಸು."
ಹದಿನೇಳು ತಲೆ ಹೂವಿಗೆ ಬಗ್ಗಿದವು.
ಫಕೀರವ್ವ ಕೆಮ್ಮಿದಳು, ಯಾಕೋ.

ಅದು ಆಗ
ಹೊನ್ನೂರಬಿಯ ಎಡ ಮೊಣಕೈಯ ಮಡಿಕೆಯಲ್ಲಿ ಕೂತು
ಬೆವರು ನೆಕ್ಕುತ್ತಿತ್ತು.
ಆ ಕೈಯನ್ನು ಅವಳು ಬಿಚ್ಚಲಿಲ್ಲ.
ಬಲಗೈಯೊಂದರಲ್ಲೇ ಪುಡಿ ಸವರಿ
ದಾರದ ಇನ್ನೊಂದು ತುದಿ ಹಲ್ಲಲ್ಲಿ ಕಚ್ಚಿ ಎಳೆದು
ಗಂಟು ಹಾಕಿದಳು. ಮುಂದಿನ ಗಿಡ. ಮತ್ತೆ ಹಾಗೇ.

ಆವತ್ತಿನ ಲೆಕ್ಕದಲ್ಲಿ
ಅವಳ ಹೆಸರಿನ ಮುಂದೆ
ನಲವತ್ತು ಹೂವು ಕಡಿಮೆ.