ನಲವತ್ತೆರಡನೆಯದು

ನಾವು ಮೂವರು, ಡ್ರೋನು ನಾಲ್ಕು.
ಅಟ್‌ಬಾಶಿಯ ಮೇಲಣ ಕಣಿವೆಗೆ ಬಂದಾಗ
ಹಿಮ ಬೀಳುವುದು ನಿಂತು ಎರಡು ಗಂಟೆಯಾಗಿತ್ತು,
ತುರ್ದಾಕುನ್ ಕಾಣೆಯಾಗಿ ಎರಡು ಹಗಲು, ಒಂದು ರಾತ್ರಿ.

ನನ್ನ ಕೆಲಸ ಹೆಚ್ಚೇನಿಲ್ಲ.
ನಕ್ಷೆಯ ಮೇಲೆ ಬೆರಳಿಂದೊಂದು ಗೆರೆ ಎಳೆದು
ಇದರೊಳಗೆ ಹುಡುಕಿ ಎನ್ನುವುದು.
ಮಿಕ್ಕಿದ್ದು ಅವೇ ಮಾಡಿಕೊಳ್ಳುತ್ತವೆ:
ಬೆಟ್ಟವನ್ನು ರೊಟ್ಟಿಯ ಹಾಗೆ ಮುರಿದು
ನಿನಗಿಷ್ಟು ನನಗಿಷ್ಟು ಎಂದು ತಮ್ಮತಮ್ಮಲ್ಲೇ ಗೊಣಗಿ
ಒಂದರ ದಾರಿಗೆ ಇನ್ನೊಂದು ಅಡ್ಡ ಬಾರದೆ
ಹೋಗುತ್ತವೆ.
ಅಣ್ಣತಮ್ಮಂದಿರ ಪಾಲಿನಲ್ಲಿ ಇಷ್ಟು ನ್ಯಾಯ ನಾನು ಕಂಡಿಲ್ಲ.

ಅವಕ್ಕೆ ಮುಖ ಗೊತ್ತಿಲ್ಲ. ಬಿಸಿ ಗೊತ್ತು.
ತಣ್ಣಗಿದ್ದದ್ದು ಕಪ್ಪು, ಬೆಚ್ಚಗಿದ್ದದ್ದು ಬಿಳಿ,
ಬಿಳಿಯೊಳಗೆ ಯಾವುದು ಏನೆಂದು
ಆಕಾರ ನೋಡಿ ಹೆಸರಿಡುತ್ತವೆ.
ನರಿ, ಒಂದು.
ಬಿಸಿಲು ಉಳಿಸಿಕೊಂಡ ಬಂಡೆ, ಆರು.
ಮೂರನೆಯದು ಉತ್ತರದ ಇಳಿಜಾರಿನಿಂದ ಬರೆಯಿತು:
ಕುರಿ, ನಲವತ್ತೆರಡು. ಮನುಷ್ಯ, ಸೊನ್ನೆ.
ಬರೆದು ಮುಂದೆ ಹೋಯಿತು.

ಹಳ್ಳಿಯ ದಫ್ತರ ತೆಗೆಸಿದೆವು.
ತುರ್ದಾಕುನ್ ಹೆಸರಿನ ಮುಂದೆ ನಲವತ್ತೆರಡೇ.
ಓಮುರ್ಬೆಕ್ ಪೆನ್ನಿಂದ ಸರಿ ಗುರುತು ಹಾಕಿದ.
ಹಿಂಡು ಸಿಕ್ಕಿತು, ಹಿಂಡಿನವನು ಬೇರೆಲ್ಲೋ ಬಿದ್ದಿದ್ದಾನೆ,
ಕುರಿಗಾಗಿ ಕತ್ತಲಲ್ಲಿ ಆ ಇಳಿಜಾರು ಬೇಡ,
ಹೊಳೆಯ ಕಡೆ ತಿರುಗಿಸು, ಎಂದ.
ತಿರುಗಿಸಿದೆ.

ಅಷ್ಟರಲ್ಲಿ ಅವನ ಅಕ್ಕ ಸಾಯ್ಕಲ್
ಬಟ್ಟಲಿಗೆ ಸಾರು ಬಗ್ಗಿಸಿ ತಂದಳು.
ಹುಡುಕಲು ಬಂದವರಿಗೂ ಹಸಿವಾಗುತ್ತದೆ.
ನಾಚಿಕೆಯ ಮಾತು, ಆದರೂ ಆಗುತ್ತದೆ.
ಎಷ್ಟು ಕುರಿ ಅಂದಿತು ನಿಮ್ಮ ಹಕ್ಕಿ, ಎಂದಳು.
ಹೇಳಿದೆ.
ಸೌಟು ಹಿಡಿದ ಕೈ ನಿಂತಿತು.

'ಅಲ್ಲಿ ನಲವತ್ತೆರಡಿದ್ದರೆ
ನಿನ್ನ ಬಟ್ಟಲಲ್ಲಿರುವುದು ಯಾವುದು ಮಗಳೇ?'

ಸೋಮವಾರ ಕಡಿದಿದ್ದರಂತೆ, ಕಿವಿ ಹರಿದ ಮುದಿ ಕುರಿ,
ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ.
ದಫ್ತರಕ್ಕೆ ಇನ್ನೂ ಹೇಳಿರಲಿಲ್ಲ.
ಯಾರು ಹೇಳುತ್ತಾರೆ, ಮನೆ ತುಂಬ ನೆಂಟರಿರುವಾಗ?

ಮೂರನೆಯದನ್ನು ಹಿಂದಕ್ಕೆ ಕರೆದೆ.
ಮತ್ತೆ ಎಣಿಸಿತು. ಮತ್ತೆ ಕುರಿ ಎಂದಿತು, ನಲವತ್ತೆರಡು,
ನೂರಕ್ಕೆ ತೊಂಬತ್ತೊಂದು ಪಾಲು ಖಚಿತ ಎಂದಿತು.
ಪರದೆಯ ಮೇಲೆ ಒತ್ತಿಕೊಂಡ ಬಿಳಿ ಕಾಳುಗಳು.
ಸಾಯ್ಕಲ್ ಬಗ್ಗಿ, ಕಣ್ಣು ಕಿರಿದು ಮಾಡಿ,
ನಡುವಿನ ಒಂದರ ಮೇಲೆ ಜಿಡ್ಡಿನ ಬೆರಳಿಟ್ಟಳು.
'ಇದು. ಹೀಗೆ ಮಲಗುವುದು ನನಗೆ ಗೊತ್ತು.
ಚಿಕ್ಕಂದಿನಲ್ಲಿ ನನ್ನ ಕಂಬಳಿಯನ್ನೆಲ್ಲ ಎಳೆದುಕೊಂಡು
ಹೀಗೇ, ಮೊಣಕಾಲು ಗಲ್ಲಕ್ಕೆ...'

ನಸುಕಿನ ನಾಲ್ಕಕ್ಕೆ ಹಗ್ಗ ಕಟ್ಟಿ ತಲುಪಿದೆವು.
ಕಾಲು ಮುರಿದಿತ್ತು. ಉಣ್ಣೆಯ ನಡುವೆ ಉಸಿರಿತ್ತು.
ಎತ್ತಿಕೊಳ್ಳಹೋದರೆ ಒಂದು ಟಗರು
ಓಮುರ್ಬೆಕ್‌ನ ತೊಡೆಗೆ ಹಾಯಿತು.

ಈಗ ಮೂರನೆಯದಕ್ಕೆ ಪಾಠ ಹೇಳಬೇಕು.
ವರದಿಯಲ್ಲಿ ಅದಕ್ಕೊಂದು ಖಾಲಿ ಜಾಗವಿದೆ:
ತಪ್ಪಾಗಿ ಗುರುತಿಸಿದ್ದು, ಒಂದು.
ಬರೆಯಲು ಕೂತೆ, ಬರೆಯಲಾಗಲಿಲ್ಲ.
ಆ ರಾತ್ರಿಯ ಮಟ್ಟಿಗೆ ಅವನು ಕುರಿಯೇ ಆಗಿದ್ದ,
ಅದಕ್ಕೇ ಬೆಚ್ಚಗಿದ್ದ.

ನನ್ನ ಬಟ್ಟಲಿಗೆ ಸಾಯ್ಕಲ್ ತಟ್ಟೆ ಮುಚ್ಚಿಟ್ಟಿದ್ದಳು.
ಸಾರು ಆರಿ, ಮೇಲೆ ಕೊಬ್ಬು ಕಟ್ಟಿತ್ತು.
ಕುಡಿದೆ.