ಐನೂರು ಹೆಚ್ಚು

ಸಂಜೆ ಐದೂವರೆಗೆ ಶಹಾಬಾದ್ ಶಾಖೆಯಲ್ಲಿ
ನನ್ನ ಕೌಂಟರಿಗೆ ಐನೂರು ರೂಪಾಯಿ ಹೆಚ್ಚು ಬಂತು.

ಕಮ್ಮಿ ಬಿದ್ದಿದ್ದರೆ ಸುಲಭ:
ಸ್ವಂತ ಪರ್ಸಿನಿಂದ ತುಂಬಿ, ಒಂದು ಬೈಗುಳ ನುಂಗಿ
ಆರು ಹತ್ತರ ಗಾಡಿಗೆ ಓಡುತ್ತಿದ್ದೆ.
ಹೆಚ್ಚಾದರೆ ಹಾಗಲ್ಲ.
ಹೆಚ್ಚಾದ ದುಡ್ಡಿಗೆ ಎಲ್ಲೋ ಒಬ್ಬ ವಾರಸುದಾರ,
ಈಗ ಯಾವುದೋ ಓಣಿಯಲ್ಲಿ ಜೇಬಿನ ಒಳಮಗ್ಗುಲು ಹೊರಗೆಳೆದು
ಹೆಂಡತಿಯ ಎದುರು ನಿಂತಿರುತ್ತಾನೆ.

ಮಷಿನ್ನಿಗೆ ಕೊಟ್ಟು ಎಣಿಸಿದೆ.
ಅದರ ಮೇಲೆ ನಂಬಿಕೆ ಸಾಲದೆ ಕೈಯಿಂದ.
ಐನೂರು ಅಲ್ಲೇ ಕೂತಿತ್ತು, ಕರೆಯದೆ ಊಟಕ್ಕೆ ಬಂದ ಬೀಗರ ಹಾಗೆ.

ಯಾರದಿರಬಹುದು?
ಫರಸಿ ಪಾಲಿಶಿನ ಭೀಮಶಾ ಹತ್ತೂವರೆಗೆ ಬಂದಿದ್ದ.
ಅವನ ನೋಟಿನ ತುಂಬ ಕಲ್ಲಿನ ಹಿಟ್ಟು,
ಎಣಿಸಿ ಮುಗಿಯುವಷ್ಟರಲ್ಲಿ ನನ್ನ ಬೆರಳಿಗೆ ಅರವತ್ತು ವರ್ಷ.
ಹೆಬ್ಬೆಟ್ಟು ಇಡು ಅಂದರೆ ಯಂತ್ರ ಮೂರು ಸಲ ಒಲ್ಲೆ ಎಂದಿತು.
‘ಗೆರಿ ಎಲ್ಲಾ ಕಲ್ಲೇ ತಿಂದದ್ರಿ ಮೇಡಂ,
ನಾ ಯಾರಂತ ಕಲ್ಲಿಗೇ ಕೇಳ್ರಿ.’
ಇಬ್ಬರೂ ನಕ್ಕೆವು. ಹಿಂದಿನ ಸಾಲು ನಗಲಿಲ್ಲ.

ರೈಲ್ವೆಯಿಂದ ನಿವೃತ್ತರಾದ ಗುಂಡೇರಾಯರು,
ನವೆಂಬರ್ ಅಲ್ಲವೇ, ಬದುಕಿದ್ದೇನೆ ಎಂಬ ಸಹಿಗೆ
ತಲೆ ಬಾಚಿ, ಕುತ್ತಿಗೆಗೆ ಪೌಡರ್ ಬಳಿದುಕೊಂಡು ಬಂದಿದ್ದರು.
ದಾರ ಕಟ್ಟಿದ ಪೆನ್ನು ಅವರ ಹೆಸರಿಗಿಂತ ಗಿಡ್ಡ.
ಅವರದಲ್ಲ ಈ ಐನೂರು; ಪೈಸೆಗೂ ರಸೀದಿ ಕೇಳುವವರು.

ಹನ್ನೆರಡಕ್ಕೆ ಲಿಂಕ್ ಹೋಯಿತು.
ಲಿಂಕ್ ಇಲ್ಲ, ಲಿಂಕ್ ಇಲ್ಲ ಎಂದು ಹೇಳೀ ಹೇಳೀ
ಯಾರೋ ಸತ್ತ ಸುದ್ದಿ ಕೊಡುವವಳಂತೆ
ನನ್ನ ದನಿ ತಾನೇ ತಗ್ಗುತ್ತ ಹೋಯಿತು.

ಲಿಂಕ್ ಬಂದ ಮೇಲೆ ಖಾಸಿಂಬಿ.
ಬೇಳೆ ಮಿಲ್ಲಿನ ವಾಸನೆಯ ಪ್ಲಾಸ್ಟಿಕ್ ಚೀಲದಿಂದ
ಹತ್ತರದು, ಇಪ್ಪತ್ತರದು, ನಡುವೆ ಐನೂರರದೂ,
ಮಡಚಿ ಮಡಚಿ ಬಟ್ಟೆಯೇ ಆದ ನೋಟು.
‘ತುಮೀಚ್ ಗಿನೋ ಬೇಟಿ’ ಎಂದು
ಮುಖ ಆಚೆ ತಿರುಗಿಸಿ ನಿಂತಳು,
ಎಣಿಸುವುದನ್ನು ನೋಡಿದರೆ ಎಲ್ಲಿ ನನಗೆ ಅವಮಾನವೋ ಎಂಬಂತೆ.
ಆಗಲೇ ಕಲಬುರಗಿಯಿಂದ ಫೋನು, ರೀಜನಲ್ ಆಫೀಸು:
ಇನ್ಶೂರೆನ್ಸ್ ಎಷ್ಟಾಯ್ತು ಇವತ್ತು? ಇನ್ನೂ ಸೊನ್ನೆನಾ?

ಮ್ಯಾನೇಜರ್ ನಾಗಿಂದ್ರಪ್ಪ ಕ್ಯಾಮೆರಾದ ರೆಕಾರ್ಡು ಹಚ್ಚಿದರು.
ಮೇಲಿನಿಂದ ನಾನು: ಒಂದು ಬೈತಲೆ, ಎರಡು ಕೈ.
ದನಿ ಇಲ್ಲ.
ಖಾಸಿಂಬಿ ಆಚೆ ನೋಡುತ್ತಿದ್ದಾಳೆ.
ಫೋನು ಭುಜಕ್ಕೆ ಸಿಕ್ಕಿಸಿದ ಆ ಹೆಂಗಸು
ನೋಟು ಅರ್ಧಕ್ಕೆ ಬಿಟ್ಟು ಒಂದು ಫಾರಂ ಎಳೆದು
ಗಾಜಿನ ಕಿಂಡಿಯಲ್ಲಿ ಅವಳ ಕಡೆ ಸರಿಸುತ್ತಾಳೆ;
ಬೆರಳು ತೋರಿಸುತ್ತಾಳೆ, ಇಲ್ಲಿ, ಮತ್ತೆ ಇಲ್ಲಿ.
ಖಾಸಿಂಬಿ ಏನೂ ಕೇಳುವುದಿಲ್ಲ.
ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಎರಡು ಕಡೆ ಒತ್ತಿ
ಸೆರಗಿಗೆ ಒರೆಸಿಕೊಳ್ಳುತ್ತಾಳೆ.
ವರ್ಷಕ್ಕೆ ನಾನೂರ ಚಿಲ್ಲರೆ. ತಾನಾಗಿಯೇ ಕಡಿತ.

‘ಇದ್ರಾಗೇನಿಲ್ಲ, ಮುಂದ ಓಡಿಸ್ರಿ’ ಎಂದರು ನಾಗಿಂದ್ರಪ್ಪ.
ಮೌಸು ನನ್ನ ಕೈಯಲ್ಲಿತ್ತು. ಓಡಿಸಿದೆ.

ಐನೂರಕ್ಕೆ ರಿಜಿಸ್ಟರ್ ಇದೆ.
ಕೆಂಪು ಶಾಯಿಯಲ್ಲಿ ತಾರೀಖು, ವೇಳೆ, ಇಬ್ಬರ ಸಹಿ.
ಯಾರಾದರೂ ಕೇಳಿಕೊಂಡು ಬರುವವರೆಗೆ
ಅದು ಅಲ್ಲಿ ಭದ್ರವಾಗಿರುತ್ತದೆ.

ಆರು ಹತ್ತರ ಗಾಡಿ ಹೋಗಿಯಾಗಿತ್ತು.
ಸ್ಟೇಷನ್ನಿನ ಫರಸಿ ಕಟ್ಟೆ ಇನ್ನೂ ಬೆಚ್ಚಗಿತ್ತು.
ಮೊಬೈಲಿನ ಗುಂಪಿನಲ್ಲಿ ಕಲಬುರಗಿಯಿಂದ
ಸೊನ್ನೆ ದಾಟಿದ ಶಾಖೆಗಳಿಗೆಲ್ಲ ಚಪ್ಪಾಳೆಯ ಕೈ ಬಂದಿದ್ದವು.
ನಾನೂ ಒಂದು ಹೆಬ್ಬೆಟ್ಟು ಒತ್ತಿದೆ.