ಆರು ಮನೆ

ಹೆಸರಿಗೆ ಆರೇ ಮನೆ, ಅಂದ ಓಯ್ವಾ.
ಅಪ್ಪ ಇಟ್ಟದ್ದು ಉದ್ದ, ಚರ್ಚಿನ ಪುಸ್ತಕದಲ್ಲಿ ಒಂದಿಡೀ ಸಾಲು;
ಗಾಳಿಗೆ ಅಷ್ಟು ಹಿಡಿಸದು.
ಸರ್ಕಾರ ಕೊಟ್ಟ ಆರಕ್ಷರ ಸಾಕು, ಕಡಿಮೆ ಬಿದ್ದರೆ
ಖಾಲಿಯನ್ನೇ ತುಂಬು.
ಪಕ್ಕದಲ್ಲೊಂದು ಅಂಕಿ: ಮನೆಯಲ್ಲಿದ್ದರೆ ಸೊನ್ನೆ,
ದೋಣಿಯಲ್ಲಿ ಎಂಟು, ಹಿಮಬಂಡಿಯ ಮೇಲೆ ಒಂಬತ್ತು.
ಮನುಷ್ಯ ಒಬ್ಬನೇ.

ಒಂದೊಂದು ಅಕ್ಷರವೂ ಎಡಕ್ಕೆ ಸರಿದು ಕೂರುತ್ತದೆ,
ಸೌನಾದ ಹಲಗೆಯ ಮೇಲೆ
ತಡವಾಗಿ ಬಂದವನಿಗೆ ಜಾಗ ಬಿಟ್ಟ ಹಾಗೆ.
ಆ ಸಂದಿನಲ್ಲಿ ಸೊನ್ನೆಯಿದ್ದರೆ, ವಿಳಾಸ ಇನ್ನೂ ಇದೆ.
ಒಂದು ಇದ್ದರೆ, ಮುಗಿಯಿತು; ಇನ್ನು ಮಾತು.

ಓಯ್ವಾನ ಮಾತೋ, ಮೂರು ಪದ:
ಬಲೆಗೆ ನಾಲ್ಕು ಮೀನು.
ಇನಾರಿ ಸರೋವರದಾಚೆ ತಂಗಿ ಸಿಲ್ಯಾಳಿಗೆ.
ಅದಕ್ಕೂ ಮುಂಚೆ ಅವಳ ಹೆಸರು, ಇವನ ಹೆಸರು,
ಆಮೇಲೆ ಗುಡ್ಡದ ತುದಿಯ ಪೆಟ್ಟಿಗೆ, ತೌನೊ ಕಟ್ಟಿದ್ದು.
ತೌನೊ ಹೋಗಿ ಎರಡು ವರ್ಷ.
ಪೆಟ್ಟಿಗೆ ಇನ್ನೂ ಅವನ ಹೆಸರನ್ನೇ ಹೇಳುತ್ತದೆ,
ಲೈಸೆನ್ಸಿನವರಿಗೆ ಯಾರೂ ತಿಳಿಸಿಲ್ಲ.
ಬಂದದ್ದನ್ನು ಮುಂದಕ್ಕೆ ದಾಟಿಸುತ್ತದೆ,
ದಾಟಿಸಿದ್ದಕ್ಕೆ ತನ್ನ ಹೆಸರಿಗೊಂದು ಬೊಟ್ಟಿಡುತ್ತದೆ.

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದಿಲ್ಲ.
ಬ್ಯಾಟರಿ ಸತ್ತಿತು.
ತೌನೊನನ್ನು ಬಿಡು, ಅಂಟೆನಾ ಎರಡಾಳು ಎತ್ತರಿಸು,
ನೇರ ಸಿಗುತ್ತಾಳೆ, ಅಂದೆ.
ಕೇಳಲಿಲ್ಲ. ಏಳು ವಾರ
ಬೊಟ್ಟಿಲ್ಲದ ಹೆಸರನ್ನೇ ಹೊರಿಸಿ ಕಳಿಸಿದ.
ಸಿಲ್ಯಾ ಸಿಟ್ಟಾಗಿ ಫೋನು ಮಾಡಿದಳು,
ಬದುಕಿದ್ದೀಯೋ ಇಲ್ಲವೋ.

ಜನವರಿಯ ಕೊನೆಗೆ, ಒಂದು ಮಧ್ಯಾಹ್ನ,
ಪರದೆಯ ಮೇಲೆ ತೌನೊನ ಆರಕ್ಷರದ ಪಕ್ಕ
ಪುಟ್ಟ ನಕ್ಷತ್ರ.

ಓಯ್ವಾ ಏನೂ ಅನ್ನಲಿಲ್ಲ.
ಕೂತಿದ್ದ ಬೆಂಚಿನಲ್ಲಿ
ಒಂದಿಷ್ಟು ಎಡಕ್ಕೆ ಸರಿದ.